ತೋಟದ ಕೆಲಸಗಾರರ ಸ್ಟುಡಿಯೋ ಫೋಟೋಗಳು: ಎಲ್ಲಿ ತೋರಿಸೋದು, ಯಾರನ್ನು ಕೇಳೋದು?

ಸ್ಟುಡಿಯೋ ಅಕ್ಕ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ನಡೆಸುತ್ತೇನೆ. ಪಾಸ್‌ಪೋರ್ಟ್ ಸೈಜ್, ಜೆರಾಕ್ಸ್, ಲ್ಯಾಮಿನೇಷನ್, ಸೀಸನ್ ಬಂದರೆ ಮದುವೆ, ನಾಮಕರಣ. ಕಲೆ ಗಿಲೆ ಅಂತ ಓದಿದವಳಲ್ಲ. ಇಲ್ಲಿ ಚಿತ್ರ ಬರೆಯುವವರು, ಫೋಟೋ ತೆಗೆಯುವವರು ಇದ್ದೀರಿ ಅಂತ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಕಡೆ ಕಾಫಿ ತೋಟಗಳಲ್ಲಿ ಮೊದಲು ಘಟ್ಟದ ಕೆಳಗಿನವರು, ತಮಿಳರು ಜಾಸ್ತಿ ಇದ್ದರು. ಈಗ ಅಸ್ಸಾಂ, ಜಾರ್ಖಂಡ್ ಕಡೆಯವರು ಬಂದಿದ್ದಾರೆ. ಸಂತೆ ದಿನ ತೋಟಕ್ಕೆ ರಜೆ. ಅವತ್ತು ನನ್ನ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ನಡೆಸೋಳು ಹೆಂಗಸು ಅಂತ ಹೆಂಗಸರು ಸ್ವಲ್ಪ ಧೈರ್ಯವಾಗಿ ಬರುತ್ತಾರೆ. ಮೊದಲು ಬೇಕಾಗೋದು ಪಾಸ್‌ಪೋರ್ಟ್ ಸೈಜ್. ಬ್ಯಾಂಕಿಗೆ, ಸಿಮ್ಮಿಗೆ, ತೋಟದ ಆಫೀಸಿಗೆ. ಬಿಳಿ ಪರದೆ, ನೇರ ಮುಖ, ಕಿವಿ ಕಾಣಬೇಕು, ನಗಬಾರದು. ಅದು ಮುಗಿದ ಮೇಲೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ, "ದೀದಿ, ಇನ್ನೊಂದು ಚೆನ್ನಾಗಿರೋದು ತೆಗೀತೀರಾ?" ಅಂತ.

ಚೆನ್ನಾಗಿರೋದಕ್ಕೆ ನನ್ನ ಹತ್ತಿರ ಎರಡು ಪರದೆ ಇವೆ. ಒಂದು ಹಿಮದ ಬೆಟ್ಟ, ಇನ್ನೊಂದು ತಾಜ್ ಮಹಲ್. ಬೆಂಗಳೂರಿನ ಜೋಡಿಗಳು ಕಾಫಿ ಹೂವಿನ ಕಾಲಕ್ಕೆ ಪ್ರಿವೆಡ್ಡಿಂಗ್ ಅಂತ ಕಾರು ಮಾಡಿಕೊಂಡು ಇಲ್ಲಿಗೆ ಬರುತ್ತಾರೆ. ಇಡೀ ದಿನ ಅದೇ ಗಿಡದ ಬುಡದಲ್ಲಿ ಬಗ್ಗಿ ನಿಂತವರಿಗೆ ಗಿಡ ಬೇಡ. ಹಿಮ ಬೇಕು. ಇಲ್ಲದಿದ್ದರೆ ಅಂಗಡಿ ಮುಂದೆ ನಿಂತಿರೋ ಯಾರದೋ ಬುಲೆಟ್ ಬೇಕು.

ಇವುಗಳ ಕಾಪಿ ನನ್ನ ಕಂಪ್ಯೂಟರಿನಲ್ಲಿ ಉಳಿದುಕೊಂಡಿವೆ. ಎರಡರ ಬಗ್ಗೆ ಹೇಳಲೇಬೇಕು.

ಒಬ್ಬ ಹುಡುಗ ಬಂದ. ಹಿಮ, ತಾಜ್ ಎರಡೂ ಬೇಡ ಅಂದ. ನನ್ನ ಕುರ್ಚಿ ಕೇಳಿದ. ನನ್ನ ಬಿಲ್ ಬುಕ್ ತೆಗೆದು ತೊಡೆ ಮೇಲೆ ಬಿಚ್ಚಿ ಇಟ್ಟುಕೊಂಡ. ಕಿವಿಗೆ ಪೆನ್ನು. ನಮ್ಮ ಯಜಮಾನರ ಕನ್ನಡಕ ಮೇಜಿನ ಮೇಲಿತ್ತು, ಅದನ್ನೂ ಹಾಕಿಕೊಂಡ. ಆಮೇಲೆ ಎಡಕ್ಕೆ ತಿರುಗಿ ಹುಬ್ಬು ಗಂಟಿಕ್ಕಿ ನೋಡಿದ, ಆ ಕಡೆ ಜನ ಸಾಲಲ್ಲಿ ನಿಂತಿದ್ದಾರೆ ಅನ್ನೋ ಹಾಗೆ. ನನಗೆ ಆಗ ಹೊಳೆಯಿತು, ಇವನು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿ ಕೂತಿದ್ದಾನೆ. ವಾರದ ಬಟವಾಡೆ ಮಾಡುವಾಗ ರೈಟರ್ ಹಾಗೇ ನೋಡೋದು. ಜೊತೆಗೆ ಬಂದವರು ಬಿದ್ದು ಬಿದ್ದು ನಕ್ಕರು. ಇವನು ಮಾತ್ರ ನಗಲಿಲ್ಲ.

ಇನ್ನೊಬ್ಬರು ಒಬ್ಬ ತಾಯಿ. ಬಂದಿದ್ದು ಒಳ್ಳೆ ಸೀರೆಯಲ್ಲಿ. ಕವರಿನಿಂದ ಗಂಡಸರ ಫುಲ್ ತೋಳಿನ ಶರ್ಟು ತೆಗೆದು ಸೀರೆ ಮೇಲೆ ಹಾಕಿಕೊಂಡರು, ಹಣ್ಣು ಕೊಯ್ಯೋ ಚೀಲ ಸೊಂಟಕ್ಕೆ ಕಟ್ಟಿಕೊಂಡರು, ಹೋಗಿ ತಾಜ್ ಮಹಲ್ ಮುಂದೆ ನಿಂತರು. ಊರಲ್ಲಿ ಮಗಳು ಕೇಳ್ತಾಳಂತೆ, ಅಮ್ಮ ಅಲ್ಲಿ ಏನು ಕೆಲಸ ಮಾಡ್ತೀಯ ಅಂತ. ರೊಬಸ್ಟಾ ಕೊಯ್ದು ಬೆರಳೆಲ್ಲ ಕಪ್ಪು ಹಿಡಿದಿತ್ತು. ಅದರ ಮೇಲೆ ಕೆಂಪು ನೇಲ್ ಪಾಲಿಶ್. ಎರಡೂ ಕೈ ಮುಂದೆ ಚಾಚಿ "ಇದು ಬರಬೇಕು" ಅಂದರು. ನಾನು ಬೆರಳಿಗೇ ಫೋಕಸ್ ಮಾಡಿದೆ. ಮುಖ ಸ್ವಲ್ಪ ಮಸುಕಾಗಿದೆ. ಅವರಿಗೆ ಅದೇ ಇಷ್ಟ ಆಯ್ತು.

ಪಕ್ಕದ ಹೋಂಸ್ಟೇಯವರು ಇವನ್ನು ನೋಡಿ, ದೊಡ್ಡದಾಗಿ ಪ್ರಿಂಟ್ ಹಾಕಿ ನಮ್ಮ ಊಟದ ಹಾಲ್‌ಗೆ ಕೊಡಿ, ದುಡ್ಡು ಕೊಡ್ತೀವಿ ಅಂತಿದ್ದಾರೆ. ಅವರ ಫ್ರೆಂಡ್ ಒಬ್ಬರು, ಇದು ಬೆಂಗಳೂರಿನ ಗ್ಯಾಲರಿಗೆ ಹೋಗಬೇಕಾದ್ದು ಅಂದರು. ನನಗೆ ಯಾಕೋ ಊಟದ ಹಾಲ್ ಒಗ್ಗುತ್ತಿಲ್ಲ. ಆದರೆ ಸುಮ್ನೆ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡು ಏನು ಮಾಡಲಿ? ಇಂಥ ಕೆಲಸ ಬೇರೆ ಯಾರಾದರೂ ಮಾಡಿದ್ದಾರಾ? ತೋರಿಸುವಾಗ ಹೆಸರು ಹಾಕಬೇಕಾ? ಆ ರೈಟರ್ ಹುಡುಗನ ಫೋಟೋ ಹಾಸನದಲ್ಲಿ ತೂಗುಹಾಕಿ, ನಾಳೆ ಅವನ ಕೆಲಸಕ್ಕೆ ಕುತ್ತು ಬಂದರೆ?

ಬುಲೆಟ್ ಬಸ್ಯ

ಕ್ಯಾಮೆರಾ ಯಾವುದು ಅಕ್ಕಾ? ಲೆನ್ಸ್?

ಸ್ಟುಡಿಯೋ ಅಕ್ಕ

ಹಳೇ ನಿಕಾನ್, 50 ಎಂಎಂ. ಎರಡು ಅಂಬ್ರೆಲಾ ಲೈಟು, ಒಂದರ ಕಡ್ಡಿ ಮುರಿದಿದೆ. ಮುಂದಿನ ಪ್ರಶ್ನೆ?

ಡ್ರಾಯಿಂಗ್ ಮೇಷ್ಟ್ರು, ಚಿಕ್ಕಮಗಳೂರು

ಅಕ್ಕ, ಒಳ್ಳೆ ವಿಷಯ ಎತ್ತಿದ್ದೀರಿ. ಮಾಡಿದವರು ಇದ್ದಾರೆ, ಕೆಲವರು ನಮ್ಮ ಹತ್ತಿರದವರೇ.

ಮೊದಲು ಬೆಂಗಳೂರಿನ ಪುಷ್ಪಮಾಲಾ ಎನ್. ಅವರ ಕೆಲಸ ಹುಡುಕಿ ನೋಡಿ. ಓದಿದ್ದು ಶಿಲ್ಪಕಲೆ. ಆಮೇಲೆ ತಾವೇ ವೇಷ ಹಾಕಿಕೊಂಡು ಕ್ಯಾಮೆರಾ ಮುಂದೆ ನಿಂತರು. 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಅನ್ನೋ ಸರಣಿ ಮಾಡಿದರು. ಅದರಲ್ಲಿ ಅವರೇ ರವಿವರ್ಮನ ಲಕ್ಷ್ಮಿ. ಪೊಲೀಸರ ಕೈಗೆ ಸಿಕ್ಕ ಕಳ್ಳಿಯೂ ಅವರೇ. ಬ್ರಿಟಿಷರ ಕಾಲದ ಅಳತೆ ಫೋಟೋದ ಬುಡಕಟ್ಟು ಹೆಂಗಸೂ ಅವರೇ, ಹಿಂದೆ ಚೌಕುಳಿ ಪರದೆ. ಆ ಚೌಕುಳಿಗೆ ಒಂದು ಕಥೆ ಇದೆ. 1869ರಲ್ಲಿ ಲ್ಯಾಂಪ್ರೆ ಅನ್ನುವವನು ಮರದ ಚೌಕಟ್ಟಿಗೆ ದಾರ ಬಿಗಿದು ಎರಡೆರಡು ಇಂಚಿನ ಚೌಕ ಮಾಡಿ, ಅದರ ಮುಂದೆ ಜನರನ್ನು ಬೆತ್ತಲೆ ನಿಲ್ಲಿಸಿ ಫೋಟೋ ತೆಗೆಯೋ ಕ್ರಮ ಹೇಳಿಕೊಟ್ಟ. ಮೈ ಅಳೆಯೋಕೆ ಸುಲಭ ಅಂತ. ಅದೇ ಕಾಲದಲ್ಲಿ, 1868ರಿಂದ 1875ರ ಒಳಗೆ, ನಮ್ಮ ದೇಶದ ಜಾತಿ ಪಂಗಡಗಳನ್ನೆಲ್ಲ ಫೋಟೋ ಹಚ್ಚಿ ವಿಂಗಡಿಸಿದ ಎಂಟು ಸಂಪುಟಗಳು ಲಂಡನ್ನಿನಲ್ಲಿ ಅಚ್ಚಾದವು. ಈ ಜನ ನಂಬಿಗಸ್ತರು, ಆ ಜನ ಪುಂಡರು ಅಂತೆಲ್ಲ ಷರಾ ಬರೆದಿದ್ದರು.

ನಿಮ್ಮ ಬಿಳಿ ಪರದೆ ಕೂಡ ಅದೇ ವಂಶದ್ದು ಅಂತ ನನಗೆ ಅನಿಸುತ್ತೆ. ಅಲ್ಲಿ ಹೇಗೆ ನಿಲ್ಲಬೇಕು ಅಂತ ಆಫೀಸು ಹೇಳುತ್ತೆ. ಹಿಮದ ಪರದೆ ಮುಂದೆ ಅವರೇ ಹೇಳುತ್ತಾರೆ. ಒಬ್ಬನೇ ಮನುಷ್ಯ, ಹತ್ತು ನಿಮಿಷದ ಅಂತರ. ನಿಮ್ಮ ಹತ್ತಿರ ಎರಡೂ ಇವೆ, ಅದು ಗ್ಯಾಲರಿಯವರ ಹತ್ತಿರ ಇಲ್ಲ. ನನ್ನನ್ನು ಕೇಳಿದರೆ ಎರಡನ್ನೂ ಅಕ್ಕಪಕ್ಕ ಹಾಕಿ.

ಎರಡನೆಯದು ಗೌರಿ ಗಿಲ್. 2003ರಲ್ಲಿ ರಾಜಸ್ಥಾನದ ಲೂಣಕರಣಸರ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಮೇಳ ನಡೆಯಿತು. ಅಲ್ಲಿ ಇವರು ಒಂದು ಫೋಟೋ ಟೆಂಟ್ ಹಾಕಿದರು. ಬಂದ ಹುಡುಗಿಯರು ತಮಗೆ ಬೇಕಾದ ಹಾಗೆ ನಿಂತರು. ಒಬ್ಬಳೇ, ಗೆಳತಿ ಜೊತೆ, ಟೋಪಿ ಹಾಕಿ, ಹೇಗೆ ಬೇಕೋ ಹಾಗೆ. 2010ರಲ್ಲಿ ಮತ್ತೆ ಹೋಗಿ ಅವರಲ್ಲಿ ಕೆಲವರ ಫೋಟೋ ತೆಗೆದರು. ಒಮ್ಮೆ ಹೋಗಿ ಕ್ಲಿಕ್ಕಿಸಿ ಓಡಿ ಬರುವವರಲ್ಲ ಅವರು. ಆಮೇಲೆ ಮಹಾರಾಷ್ಟ್ರದ ಜವ್ಹಾರ್‌ನಲ್ಲಿ, ಹಬ್ಬಕ್ಕೆ ಕಾಗದದ ಮುಖವಾಡ ಮಾಡುವ ಆದಿವಾಸಿ ಕಲಾವಿದರ ಹತ್ತಿರ ಹೋದರು. ದೇವರ ಮುಖವಾಡ ಬೇಡ, ನಿಮ್ಮ ದಿನನಿತ್ಯದ ಬದುಕಿನ ಮುಖವಾಡ ಮಾಡಿ ಅಂದರು. ಅವರು ಅದನ್ನು ಹಾಕಿಕೊಂಡು ಅಂಗಡಿಯಲ್ಲಿ, ಮನೆಯಲ್ಲಿ ನಿಂತರು. ಮುಖವೇ ಕಾಣದೆ ಎಷ್ಟು ಹೇಳಬಹುದು ಅಂತ ಅಲ್ಲಿ ನೋಡಬೇಕು. ನಿಮ್ಮ ರೈಟರ್ ಹುಡುಗನಿಗೂ ಇದು ದಾರಿ ಆಗಬಹುದು.

ಹೆಸರಿನ ವಿಷಯ. ಆಫ್ರಿಕಾದ ಮಾಲಿ ದೇಶದ ಬಮಾಕೋದಲ್ಲಿ ಸೇಡು ಕೇಟಾ ಅಂತ ಸ್ಟುಡಿಯೋ ಫೋಟೋಗ್ರಾಫರ್ ಇದ್ದರು, ನಿಮ್ಮ ಹಾಗೇ. 1948ರಲ್ಲಿ ಸ್ಟುಡಿಯೋ ಶುರು ಮಾಡಿದರು. ಬಂದವರಿಗೆ ಕೋಟು, ವಾಚು, ಪೆನ್ನು, ರೇಡಿಯೋ ಕೊಡುತ್ತಿದ್ದರು. ಮೊದಮೊದಲು ಹಾಸಿಗೆ ಹೊದಿಕೆಯೇ ಪರದೆ. 1991ರಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಪ್ರದರ್ಶನದಲ್ಲಿ ಅವರ ಫೋಟೋ ಹಾಕಿದರು. ಕೆಳಗೆ ಏನು ಬರೆದಿದ್ದರು ಗೊತ್ತಾ? ಫೋಟೋಗ್ರಾಫರ್ ಅನಾಮಧೇಯ ಅಂತ. ಆಮೇಲೆ ಹುಡುಕಿಕೊಂಡು ಹೋದರು, ಕೇಟಾಗೆ ಜಗತ್ತಿನಲ್ಲೆಲ್ಲ ಹೆಸರು ಬಂತು. ಫೋಟೋದಲ್ಲಿ ಕೂತವರ ಹೆಸರು ಮಾತ್ರ ಬಹುಪಾಲು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಬೆಂಗಳೂರೇ ಆಗಬೇಕು ಅಂತೇನಿಲ್ಲ. ನಿಮ್ಮ ಜಿಲ್ಲೆಯ ಕೆ.ಟಿ. ಶಿವಪ್ರಸಾದ್ ಹಾಸನದಲ್ಲೇ ಇದ್ದುಕೊಂಡು ಚಿತ್ರ ಬರೆದವರು.

ಕಡೂರಿನವನು

ಮೇಷ್ಟ್ರೇ, ಮಾಲಿಗೆ ಹೋಗಿ ಬಂದಿರಿ, ಕಡೂರು ಮರೆತಿರಿ! ಕಾಪ್ ಶಿವ ಅಂತ ಒಬ್ಬರಿದ್ದಾರೆ. ಬಿಡದಿ ಕಡೆಯ ಹಳ್ಳಿಯವರು, ಬೆಂಗಳೂರಿನಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದರು, ಅದಕ್ಕೇ ಆ ಹೆಸರು. ಡ್ಯೂಟಿ ಜೊತೆಗೇ ಫೋಟೋ. ನಮ್ಮ ಕಡೆಯ ಒಬ್ಬ ಶಾಲಾ ಮೇಷ್ಟ್ರು ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿ ಆಗಿ ಊರೂರು ತಿರುಗುತ್ತಿದ್ದರು. ಆ ಮೇಷ್ಟ್ರ ಹಿಂದೆ ಹೋಗಿ ಶಿವ ತೆಗೆದ ಸರಣಿಯೇ 'ಬೀಯಿಂಗ್ ಗಾಂಧಿ'. ಬೆಳ್ಳಿ ಗಾಂಧಿ ಹಳ್ಳಿ ರಸ್ತೆಯಲ್ಲಿ, ಹೊಲದಲ್ಲಿ. ಎಂಜಿಆರ್ ವೇಷ ಹಾಕುವ ಇನ್ನೊಬ್ಬರ ಮೇಲೂ ಒಂದು ಸರಣಿ ಇದೆ. ಅಲ್ಲಿ ವೇಷ ಹಾಕಿದವರನ್ನು ನೋಡಿ ನಗೋಣ ಅನ್ನೋ ಧಾಟಿ ಇಲ್ಲ. ನಿಮ್ಮ ರೈಟರ್ ಹುಡುಗನ ಫೋಟೋಗೂ ಅದೇ ಭಯ ನನಗೆ. ಜನ ನಗೋಕೆ ಬಂದು ಹೋದರೆ?

ತೋಟದವನು, ಆಲೂರು

ಎಲ್ಲ ಸರಿ. ತೋಟದವರನ್ನೆಲ್ಲ ಖಳನಾಯಕ ಮಾಡೋ ಪ್ರದರ್ಶನ ಆಗದಿದ್ದರೆ ಸಾಕು. ನಮ್ಮ ರೈಟರ್ ಪಾಪದವರು, ಅವರ ಸಂಬಳವೂ ಅಷ್ಟಕ್ಕಷ್ಟೆ. ಇದನ್ನು ನೋಡಿ ಹೊರಗಿನವರು ಇಲ್ಲಿ ಇನ್ನೂ ಜೀತ ಇದೆ ಅಂತ ಬರೆದುಬಿಡುತ್ತಾರೆ. ನೀವು ನಾಳೆ ನಮ್ಮ ಮನೆ ಮದುವೆಗೂ ಫೋಟೋ ತೆಗೆಯಬೇಕಲ್ವಾ ಮೇಡಂ?

ಸ್ಟುಡಿಯೋ ಅಕ್ಕ

ತೆಗೀತೀನಿ ಸರ್, ಅಡ್ವಾನ್ಸ್ ಕೊಟ್ಟರೆ. ಆ ಹುಡುಗ ರೈಟರನ್ನು ಬೈದಿಲ್ಲ. ಅವನಿಗೆ ಆ ಕುರ್ಚಿ ಬೇಕಿತ್ತು, ಕೂತ. ಅಷ್ಟೇ ಫೋಟೋದಲ್ಲಿ ಇರೋದು.

ಲೈನ್ ಮನೆ ಹುಡುಗಿ, ಮೂಡಿಗೆರೆ

ಅಕ್ಕ, ನಾನು ತೋಟದ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲು ಮನೆಯಲ್ಲಿ, ಹುಟ್ಟಿ ಬೆಳೆದವಳು. ಈಗ ಮೂಡಿಗೆರೆಯಲ್ಲಿ ಕೆಲಸದಲ್ಲಿದ್ದೇನೆ. ನಮ್ಮಜ್ಜಿಯದು ಅಂತ ಇರೋದು ಒಂದೇ ಒಂದು ಫೋಟೋ. ತೆಗೆದವರು ಧಣಿಗಳ ನೆಂಟರು ಯಾರೋ. ಅದರಲ್ಲಿ ಅಜ್ಜಿ ಕಣದಲ್ಲಿ ಕಾಫಿ ಹರವುತ್ತಿದ್ದಾಳೆ. ಬೆನ್ನು ಕಾಣುತ್ತೆ, ಮುಖ ಇಲ್ಲ. ಬಿಸಿಲು ಚೆನ್ನಾಗಿ ಬಿದ್ದಿದೆ, ನೆರಳು ಉದ್ದಕ್ಕಿದೆ, ಫೋಟೋ ಏನೋ ಬಹಳ ಚೆಂದ. ಅದು ಈಗ ಒಂದು ಹೋಂಸ್ಟೇಯಲ್ಲಿ ತೂಗುತ್ತಿದೆ. ಕೆಳಗೆ ಕಾಫಿಯ ಹೆಸರಿದೆ, ಅಜ್ಜಿಯ ಹೆಸರಿಲ್ಲ. ನಮ್ಮ ಮನೆಯಲ್ಲಿ ಇರೋದು ನಾನು ಮೊಬೈಲಿನಲ್ಲಿ ಅದನ್ನು ಕ್ಲಿಕ್ ಮಾಡಿಕೊಂಡು ಬಂದ ಕಾಪಿ, ಗಾಜಿನಲ್ಲಿ ಟ್ಯೂಬ್‌ಲೈಟ್ ಹೊಳೀತಾ ಇದೆ.

ಅದಕ್ಕೇ ಹೇಳೋದು, ಊಟದ ಹಾಲ್ ಬೇಡ. ನಿಮಗೆ ಒಗ್ಗದೇ ಇರೋದು ಸರಿಯಾಗೇ ಇದೆ.

ಮೊದಲು ಅವರೇ ನೋಡಲಿ. ಸಂತೆಯಲ್ಲಿ ಹಾಕಿ. ಹಗ್ಗ ಕಟ್ಟಿ, ಕ್ಲಿಪ್ ಹಾಕಿ ತೂಗಿಬಿಡಿ. ಸಂಜೆ ಅವರವರ ಫೋಟೋ ಅವರವರು ಕಿತ್ತುಕೊಂಡು ಹೋಗಲಿ. ಆದರೆ ಸಂತೆಯಲ್ಲಿ ಎಲ್ಲಿ ಅನ್ನೋದನ್ನು ಯೋಚನೆ ಮಾಡಿ. ಅರಳಿಕಟ್ಟೆ, ವೈನ್ ಶಾಪ್ ರಸ್ತೆ, ಕೋಳಿ ಅಂಗಡಿ ಸಾಲು, ಅಲ್ಲೆಲ್ಲ ಗಂಡಸರೇ. ಹೆಂಗಸರು ಅಲ್ಲಿ ನಿಂತು ಒಂದು ಫೋಟೋ ನೋಡಬೇಕು ಅಂದರೆ ಎಷ್ಟು ಜನರ ಕಣ್ಣು ದಾಟಿ ಹೋಗಬೇಕು! ಬೆಂಗಳೂರಿನ ಲಿಂಗರಾಜಪುರದಲ್ಲಿ ಇಂದು ಆಂಟನಿ ಅನ್ನೋ ಕಲಾವಿದೆ 'ನಮ್ಮ ಕಟ್ಟೆ' ಅಂತ ಮಾಡಿದರು. ಹೆಂಗಸರು ಬಂದು ಸುಮ್ನೆ ಕೂರೋಕೆ ಒಂದು ಜಾಗ. ಕೆಲಸ ಇಲ್ಲದೆ ಕೂರೋದು, ಹರಟೆ ಹೊಡೆಯೋದು, ಅಷ್ಟೇ. ಬ್ಲ್ಯಾಂಕ್ ನಾಯ್ಸ್ ಅಂತ ಇನ್ನೊಂದು ಬಳಗ ಇದೆ, ಜಸ್ಮೀನ್ ಪಥೇಜಾ 2003ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು. ಅವರು ಹೆಂಗಸರನ್ನು ಕರೆದು ಪಾರ್ಕಿನಲ್ಲಿ ಮಧ್ಯಾಹ್ನ ನಿದ್ದೆ ಮಾಡಿಸುತ್ತಾರೆ. ಇದೇನು ಕಲೆ ಅಂತ ಮೊದಲು ನಕ್ಕಿದ್ದೆ. ಆಮೇಲೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ಕೂರೋಕೆ ಹೋಗಿ ನೋಡಿದೆ, ಅರ್ಥ ಆಯ್ತು. ನಿಮ್ಮ ಸಂತೆಯಲ್ಲಿ ಬಳೆ, ಸೀರೆ, ಪಾತ್ರೆ ಅಂಗಡಿ ಸಾಲು ಇದ್ದೇ ಇರುತ್ತಲ್ಲ, ಅದರ ತುದಿಯಲ್ಲಿ ಹಾಕಿ.

ಕರಿಕೋಟು, ಹಾಸನ

ಕಾನೂನಿನ ಮಾತು ಸ್ವಲ್ಪ. 1957ರ ಕಾಪಿರೈಟ್ ಕಾಯ್ದೆ, ಕಲಂ 17. ಗಿರಾಕಿ ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಗಿರಾಕಿಯದೇ. ತೆಗೆದ ಸ್ಟುಡಿಯೋದ್ದಲ್ಲ. ಬಹಳ ಸ್ಟುಡಿಯೋದವರಿಗೆ ಇದು ಗೊತ್ತಿಲ್ಲ, ಶೋಕೇಸಿನಲ್ಲಿ ಯಾರದೋ ಮದುವೆ ಹೆಣ್ಣಿನ ಫೋಟೋ ಹಾಕಿರುತ್ತಾರೆ. ಹಾಗಾಗಿ ಹೋಂಸ್ಟೇಗೆ ಮಾರುವ ಪ್ರಶ್ನೆ ಬಂದರೆ, ಮಾರುವ ಹಕ್ಕು ಇರೋದು ಆ ತಾಯಿಗೆ, ನಿಮಗಲ್ಲ ಮೇಡಂ. ನೀವಾಗಿಯೇ ಪುಕ್ಕಟೆ ತೆಗೆದಿದ್ದರೆ ಲೆಕ್ಕ ಬೇರೆ.

ಒಪ್ಪಿಗೆ ಪತ್ರ ಮಾಡಿಸಿ, ಅವರ ಭಾಷೆಯಲ್ಲಿ ಓದಿ ಹೇಳಿಸಿ. ಎಲ್ಲಿ ತೋರಿಸುತ್ತೀರಿ, ಎಷ್ಟು ದಿನ, ಹೆಸರು ಇರುತ್ತಾ ಇಲ್ವಾ, ಬೇಡ ಅಂದಾಗ ತೆಗೆಯುತ್ತೀರಾ, ಎಲ್ಲ ಅದರಲ್ಲಿ ಬರಲಿ. ಮಕ್ಕಳಿದ್ದರೆ ಅಪ್ಪ ಅಮ್ಮನ ಸಹಿ. ಬರೀ ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಡಿ, ಅದನ್ನು ತೋಟದ ಆಫೀಸಿನವರು ಈಗಾಗಲೇ ಮಾಡುತ್ತಿದ್ದಾರೆ. (ಆಲೂರಿನವರು ಕ್ಷಮಿಸಬೇಕು.)

ಡ್ರಾಯಿಂಗ್ ಮೇಷ್ಟ್ರು

ಮೂಡಿಗೆರೆಯವರ ಮಾತಿಗೆ ನನ್ನ ಓಟು. ಸಂತೆ ಆದ ಮೇಲೆ ಬೇಕಿದ್ದರೆ ಹಾಸನಾಂಬ ಕಲಾಕ್ಷೇತ್ರ, ಇಲ್ಲಿಯ ಕುವೆಂಪು ಕಲಾಮಂದಿರ ವಿಚಾರಿಸೋಣ. ಮುಂದೆ ದೊಡ್ಡದಾಗಿ ಮಾಡೋ ಮನಸ್ಸಿದ್ದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನವರು ಅನುದಾನ ಕೊಡುತ್ತಾರೆ, ಅರ್ಜಿ ಕನ್ನಡದಲ್ಲೇ ಬರೆಯಬಹುದು. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ನೋಡಿ ಬನ್ನಿ. 2023ರಲ್ಲಿ ತೆರೆದದ್ದು, ಅಲ್ಲಿ ಹಳೇ ಸ್ಟುಡಿಯೋ ಫೋಟೋಗಳನ್ನೂ ಕಲೆ ಅಂತಲೇ ಜೋಪಾನ ಮಾಡುತ್ತಾರೆ.

ಪ್ರಿಂಟ್ ಮಾತ್ರ ಫ್ಲೆಕ್ಸ್ ಬೇಡ. ಫ್ಲೆಕ್ಸ್ ಅಂದ ತಕ್ಷಣ ಜನರಿಗೆ ಹುಟ್ಟುಹಬ್ಬದ ಪುಢಾರಿ ನೆನಪಾಗುತ್ತಾನೆ. ಮ್ಯಾಟ್ ಪೇಪರ್ ಹಾಕಿಸಿ. ಹೊಳೆಯೋ ಪೇಪರ್ ಆದರೆ ಸಂತೆ ಬಿಸಿಲಲ್ಲಿ ಏನೂ ಕಾಣಲ್ಲ.

ಸ್ಟುಡಿಯೋ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಸಂತೆ ದಿನ ಅವರನ್ನೇ ಕೇಳಿದೆ. ಭಾಷೆ ಗೊತ್ತಿದ್ದ ಹುಡುಗಿಯೊಬ್ಬಳು ಜೊತೆಗಿದ್ದಳು, ಎಲ್ಲ ಬಿಡಿಸಿ ಹೇಳಿದಳು.

ರೈಟರ್ ಹುಡುಗ ಯೋಚನೆ ಮಾಡಿ ಹೇಳಿದ, ಹಾಕಿ, ಆದರೆ ಕೊಯ್ಲು ಮುಗಿದು ನಾನು ಊರಿಗೆ ರೈಲು ಹತ್ತಿದ ಮೇಲೆ. ಮುಖವಾಡದ ಐಡಿಯಾ ಹೇಳಿದೆ ಮೇಷ್ಟ್ರೇ. ಮುಖ ಮುಚ್ಚಿದರೆ ನಾನು ಅಂತ ಯಾರಿಗೆ ಗೊತ್ತಾಗುತ್ತೆ, ಕನ್ನಡಕ ಹಾಕಿಕೊಂಡಿದ್ದು ಸುಮ್ನೆನಾ ಅಂದ. ಅವನಿಗೆ ಹೆಸರು ಬೇಡ, ಮುಖ ಬೇಕು.

ಬೆರಳು ತೋರಿಸಿದ ತಾಯಿಗೆ ಹೆಸರೂ ಬೇಕು, ಊರೂ ಬೇಕು. ಫೋಟೋ ಮಗಳಿಗೆ ತಲುಪಿದೆ. ಮಗಳು ತನ್ನ ಫೋಟೋ ಮೊಬೈಲಿಗೆ ಕಳಿಸಿದ್ದಾಳೆ, ಸ್ಕೂಲ್ ಯೂನಿಫಾರ್ಮಿನಲ್ಲಿ. ಅದನ್ನೂ ಪಕ್ಕದಲ್ಲಿ ಹಾಕು ಅಂತ ಹಠ. ಅದು ನಾನು ತೆಗೆದದ್ದಲ್ಲ ಅಂದೆ. ಅದಕ್ಕೇನೀಗ, ತೂಗೋದು ನಿಮ್ಮ ಹಗ್ಗದಲ್ಲಿ ತಾನೆ ಅಂದರು. ಹಾಕುತ್ತೇನೆ.

ಪಾಸ್‌ಪೋರ್ಟ್ ಫೋಟೋ ಪಕ್ಕಕ್ಕೆ ಹಾಕೋದು ಮಾತ್ರ ಜಾಸ್ತಿ ಜನ ಒಪ್ಪಲಿಲ್ಲ. ಅದರಲ್ಲಿ ಕಳ್ಳರ ಹಾಗೆ ಕಾಣ್ತೀವಿ ಅಂದರು. ಮೇಷ್ಟ್ರೇ, ನಿಮ್ಮ ಐಡಿಯಾ ನನಗೆ ಇಷ್ಟ ಆಗಿತ್ತು, ಆದರೆ ಬಿಟ್ಟುಬಿಟ್ಟೆ. ಬದಲಿಗೆ ಬಿಳಿ ಪರದೆಯನ್ನೇ ಖಾಲಿಯಾಗಿ ಒಂದು ಕಡೆ ಕಟ್ಟಿ, ಅವತ್ತು ಬಂದವರು ಯಾರು ಬೇಕಾದರೂ ಅದರ ಮುಂದೆ ಹೇಗೆ ಬೇಕಾದರೂ ನಿಲ್ಲಲಿ ಅಂತ ಇದ್ದೇನೆ. ನಗಬಹುದು.

ಜಾಗ ಬಳೆ ಅಂಗಡಿ ಸಾಲಿನ ತುದಿಯಲ್ಲೇ. ಸಂತೆ ಸುಂಕದವರ ಹತ್ತಿರ ಮಾತಾಡಿದ್ದೇನೆ, ಅಂಗಡಿ ಅಂತಲೇ ಲೆಕ್ಕ ಹಿಡಿದು ಚೀಟಿ ಹರಿಯುತ್ತಾರಂತೆ, ಹರಿಯಲಿ. ರೊಬಸ್ಟಾ ಕೊಯ್ಲು ಮುಗಿದು ಜನ ಊರಿಗೆ ಹೊರಡೋ ಮೊದಲು ಒಂದು ಸಲ. ಆಮೇಲೆ ರೈಟರ್ ಹುಡುಗನ ಫೋಟೋ ಸೇರಿಸಿ ಇನ್ನೊಂದು ಸಲ. ಮೂಡಿಗೆರೆ ತಂಗಿ, ನೀನು ಬಾ. ಅಜ್ಜಿಯ ಫೋಟೋ, ಟ್ಯೂಬ್‌ಲೈಟ್ ಹೊಳೆಯೋದು ಇದ್ದರೂ ಪರವಾಗಿಲ್ಲ, ಕಳಿಸು, ಪ್ರಿಂಟ್ ಹಾಕುತ್ತೇನೆ. ಹೆಸರು ಸರಿಯಾಗಿ ಬರೆದು ಕಳಿಸು.

ಹೋಂಸ್ಟೇಯವರಿಗೆ ಕರಿಕೋಟು ಸರ್ ಹೇಳಿದ್ದನ್ನೇ ಹೇಳಿದೆ, ಬೇಕಿದ್ದರೆ ಆ ತಾಯಿ ಹತ್ತಿರ ರೇಟು ಮಾತಾಡಿ ಅಂತ. ಮುಖ ಸಣ್ಣ ಮಾಡಿಕೊಂಡು ಹೋದರು. ಅವರ ಮಗುವಿನ ನಾಮಕರಣದ ಆರ್ಡರ್ ಹೋಯಿತು ಅಂತ ಕಾಣುತ್ತೆ.